ಶಿಕಾಗೋಗೆ ಹೊಸದಾಗಿ ಬರುವವರಿಗೆ: ಮನೆ, ಚಳಿ, ದೋಸೆ ಹಿಟ್ಟು

ಪ್ರಶ್ನೆ: ಅಕ್ಟೋಬರ್ ಕೊನೆಗೆ ಹುಬ್ಬಳ್ಳಿಯಿಂದ ಶಿಕಾಗೋಗೆ ಬರುತ್ತಿದ್ದೇವೆ. ನಾನು, ಯಜಮಾನರು, ಆರು ವರ್ಷದ ಮಗಳು. ಸದ್ಯಕ್ಕೆ ಕಾರು ಇಲ್ಲ. ಬಾಡಿಗೆ ಮನೆ ನೋಡುವಾಗ ಏನೇನು ಕೇಳಬೇಕು? ಊರಿಂದ ಏನು ತರಬೇಕು, ಏನು ಬೇಡ? ತಿಳಿದವರು ದಯವಿಟ್ಟು ಹೇಳಿ.

ಶಿಕಾಗೋದ ಎಡ್ಜ್‌ವಾಟರ್ ಬಡಾವಣೆಯಿಂದ: ಮೇಡಂ, ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ಹೀಟಿಂಗ್ ಬಿಲ್ ಯಾರು ಕಟ್ಟಬೇಕು ಅಂತ ಕೇಳಿ. ಹಳೆಯ ಇಟ್ಟಿಗೆ ಕಟ್ಟಡಗಳಲ್ಲಿ ಕೆಳಗಿನ ಒಂದೇ ಬಾಯ್ಲರ್‌ನಿಂದ ಎಲ್ಲ ಮನೆಗಳ ಕಬ್ಬಿಣದ ರೇಡಿಯೇಟರ್‌ಗೂ ಹಬೆ ಹೋಗುತ್ತದೆ. ಅದರ ಖರ್ಚು ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ಮನೆಗೊಂದು ಫರ್ನೇಸ್ (ಗ್ಯಾಸಿನಿಂದ ಬಿಸಿಗಾಳಿ ಬಿಡುವ ಯಂತ್ರ) ಇದ್ದರೆ ಗ್ಯಾಸ್ ಬಿಲ್ ನಿಮ್ಮ ತಲೆಗೆ. ಗೋಡೆ ಬುಡದಲ್ಲಿ ಎಲೆಕ್ಟ್ರಿಕ್ ಹೀಟರ್ ಮಾತ್ರ ಇರುವ ಮನೆ ಅಗ್ಗವಾಗಿ ಕಂಡರೂ ಜನವರಿಯ ಕರೆಂಟ್ ಬಿಲ್ ಆ ಉಳಿತಾಯವನ್ನು ನುಂಗಿಹಾಕುತ್ತದೆ.

ಹೀಟಿಂಗ್ ಮಾಲೀಕರ ಕೈಯಲ್ಲಿದ್ದರೆ ನಗರದ ನಿಯಮವೊಂದಿದೆ. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಮನೆಯೊಳಗೆ ಹಗಲು ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ (20 ಸೆಲ್ಸಿಯಸ್), ರಾತ್ರಿ 66 ಇರಲೇಬೇಕು. ಇಲ್ಲದಿದ್ದರೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಥರ್ಮಾಮೀಟರ್ ಫೋಟೋ ಇಟ್ಟುಕೊಂಡು ನಗರದ ಸಹಾಯವಾಣಿ 311ಕ್ಕೆ ದೂರು ಕೊಡಿ.

ಒಂದೇ ಪೈಪಿನ ರೇಡಿಯೇಟರ್ ಆದರೆ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಹಬೆ ಬರುವುದೂ ತಣ್ಣಗಾದ ನೀರು ವಾಪಸ್ ಹೋಗುವುದೂ ಆ ಒಂದೇ ಪೈಪಿನಲ್ಲಿ. ಅರ್ಧ ತಿರುಗಿಸಿದರೆ ನೀರು ಅಲ್ಲೇ ನಿಂತು, ಹಬೆ ಅದನ್ನು ತಳ್ಳಿ, ನಡುರಾತ್ರಿ ಸುತ್ತಿಗೆಯಲ್ಲಿ ಹೊಡೆದಂತೆ ಢಣಢಣ ಅನ್ನುತ್ತದೆ.

ಇನ್ನೊಂದು: ಇಲ್ಲಿ ಅನೇಕ ಮಾಲೀಕರು ಅಡ್ವಾನ್ಸ್ ಬದಲು ‘ಮೂವ್ ಇನ್ ಫೀ’ ಕೇಳುತ್ತಾರೆ. ಅಡ್ವಾನ್ಸ್ ಇಟ್ಟುಕೊಂಡರೆ ಪಾಲಿಸಬೇಕಾದ ನಗರದ ನಿಯಮಗಳು ತುಂಬ ಬಿಗಿ, ಅದಕ್ಕೇ ಈ ದಾರಿ. ಈ ಫೀ ವಾಪಸ್ ಬರುವುದಿಲ್ಲ, ಖರ್ಚಿನ ಲೆಕ್ಕದಲ್ಲೇ ಹಿಡಿಯಿರಿ.

ರೋಜರ್ಸ್ ಪಾರ್ಕ್‌ನಿಂದ: ಮಿಕ್ಸಿ ತರಬೇಡಿ. ಇಲ್ಲಿ ಕರೆಂಟ್ 120 ವೋಲ್ಟ್, ನಮ್ಮ 230 ವೋಲ್ಟ್ ಮಿಕ್ಸಿ ಸುಮ್ಮನೆ ತೆವಳುತ್ತದೆ, ತೆಂಗಿನಕಾಯಿ ನುಣ್ಣಗಾಗುವುದಿಲ್ಲ. 750 ವ್ಯಾಟ್ ಮಿಕ್ಸಿಗೆ ಕನಿಷ್ಠ 1500 ವ್ಯಾಟ್‌ನ ಟ್ರಾನ್ಸ್‌ಫಾರ್ಮರ್ ಬೇಕು, ಅದೋ ಕಲ್ಲಿನ ಭಾರ. ಡಿವಾನ್ ಅವೆನ್ಯೂ ಅಂಗಡಿಗಳಲ್ಲಿ ಇಲ್ಲಿನ ಕರೆಂಟಿಗೆ ಹೊಂದುವ 110 ವೋಲ್ಟ್ ಮಿಕ್ಸಿಯೇ ಸಿಗುತ್ತದೆ. ರೆಡ್ ಲೈನ್ ರೈಲಿನಲ್ಲಿ ಬಂದು ಲೊಯೋಲಾದಲ್ಲಿ ಇಳಿದು 155ನೇ ನಂಬರ್ ಬಸ್ ಹತ್ತಿ. ಕುಕ್ಕರ್ ತನ್ನಿ, ಆದರೆ ಒಲೆ ಯಾವುದೆಂದು ಮೊದಲೇ ಕೇಳಿ. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಕಾಯುವುದೇ ಇಲ್ಲ. ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಎರಡೆರಡು ಹೆಚ್ಚಿಗೆ ಇರಲಿ.

ಒಗ್ಗರಣೆಗೆ ಸ್ಮೋಕ್ ಅಲಾರಂ ಕೂಗುತ್ತದೆ. ಅನೇಕ ಮನೆಗಳಲ್ಲಿ ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಫಿಲ್ಟರ್ ದಾಟಿಸಿ ಮತ್ತೆ ಒಳಗೇ ಬಿಡುತ್ತದೆ. ಒಣಮೆಣಸಿನಕಾಯಿ ಹಾಕುವ ಮುಂಚೆ ಕಿಟಕಿ ತೆರೆಯಿರಿ, ಹಾಕಿದ ಕೂಡಲೇ ಮುಚ್ಚಳ ಮುಚ್ಚಿ. ಅಲಾರಂ ಮೇಲೆ ಪ್ಲಾಸ್ಟಿಕ್ ಕಟ್ಟುವ ಕೆಲಸ ಮಾತ್ರ ಖಂಡಿತ ಬೇಡ. ಮಗು ಇರುವ ಮನೆ.

ಚಳಿಗಾಲದಲ್ಲಿ ದೋಸೆ ಹಿಟ್ಟು ಅಡುಗೆಕಟ್ಟೆಯ ಮೇಲಿಟ್ಟರೆ ಹುಳಿಯೇರುವುದಿಲ್ಲ. ಪಾತ್ರೆಗೆ ಅರ್ಧದಷ್ಟೇ ಹಿಟ್ಟು ಹಾಕಿ, ಅಡಿಗೊಂದು ತಟ್ಟೆ ಕೊಟ್ಟು, ಆಫ್ ಇರುವ ಓವನ್ನಿನೊಳಗೆ ಲೈಟ್ ಮಾತ್ರ ಹಾಕಿ 12–14 ಗಂಟೆ ಬಿಡಿ. ಓವನ್ ಗುಂಡಿಯ ಮೇಲೆ ‘ಒಳಗೆ ಹಿಟ್ಟಿದೆ’ ಅಂತ ಚೀಟಿ ಅಂಟಿಸಿ. ಬೆಳಿಗ್ಗೆ ಯಾರಾದರೂ ನೋಡದೆ ಆನ್ ಮಾಡಿದರೆ ಹಿಟ್ಟೂ ಹೋಯಿತು, ಪಾತ್ರೆಯೂ ಹೋಯಿತು.

ಹೈಡ್ ಪಾರ್ಕ್‌ನಿಂದ: ವಿಳಾಸದ ಲೆಕ್ಕ ಕಲಿತರೆ ಊರು ಅರ್ಧ ಗೊತ್ತಾದಂತೆ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆ ಕೂಡುವ ಜಾಗ ಸೊನ್ನೆ, ಅಲ್ಲಿಂದ ಸಾಮಾನ್ಯವಾಗಿ 800 ನಂಬರಿಗೆ ಒಂದು ಮೈಲಿ. ಡಿವಾನ್ 6400 ಉತ್ತರ, ಅಂದರೆ 8 ಮೈಲಿ. ದಿಕ್ಕು ತಪ್ಪಿದರೆ ಮಿಶಿಗನ್ ಸರೋವರ ಯಾವಾಗಲೂ ಪೂರ್ವಕ್ಕೆ.

ಮಗಳ ಲಸಿಕೆ ದಾಖಲೆಯಲ್ಲಿ ಪ್ರತಿ ಡೋಸಿನ ತಾರೀಖು ಇರಲಿ, ತಿಂಗಳನ್ನು ಅಕ್ಷರದಲ್ಲೇ ಬರೆಸಿ. 05/07 ಅಂದರೆ ನಮಗೆ ಜುಲೈ 5, ಇಲ್ಲಿನವರಿಗೆ ಮೇ 7. ಡೋಸುಗಳ ನಡುವಿನ ಅಂತರವೇ ತಪ್ಪಾಗಿ, ಲಸಿಕೆ ಮತ್ತೆ ಹಾಕಿಸಬೇಕಾಗಿ ಬರಬಹುದು. ಚಳಿಯ ಬಟ್ಟೆ ಇಲ್ಲೇ ಕೊಳ್ಳಿ. ಮಗುವಿಗೆ ಬೆರಳುಬೆರಳಿನ ಗ್ಲೌಸ್‌ಗಿಂತ ನೀರು ಇಳಿಯದ ಮಿಟನ್ (ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಟ್ಟಿಗೆ ಇರುವ ಕೈಗವಸು) ಬೆಚ್ಚಗೆ. ಎರಡು ಜೊತೆ ಇರಲಿ, ಒಂದು ಒದ್ದೆಯಾದರೆ ಇನ್ನೊಂದು.

ಪ್ರಶ್ನೆ ಕೇಳಿದವರು: ತುಂಬ ಉಪಕಾರವಾಯಿತು. ಓವನ್ನಿನಲ್ಲಿ ಎಲ್‌ಇಡಿ ಬಲ್ಬ್ ಇದ್ದರೆ?

ರೋಜರ್ಸ್ ಪಾರ್ಕ್‌ನಿಂದ: ಅದು ಬಿಸಿಯಾಗುವುದಿಲ್ಲ ಮೇಡಂ. ಓವನ್ನಿನ ಕೆಳಗಿನ ಅಂತಸ್ತಿನಲ್ಲಿ ಅಗಲ ಪಾತ್ರೆ ತುಂಬ ಕುದಿಯುವ ನೀರಿಟ್ಟು ಬಾಗಿಲು ಮುಚ್ಚಿ. ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿದರೆ ಬೆಳಿಗ್ಗೆಗೆ ಹಿಟ್ಟು ಉಬ್ಬಿರುತ್ತದೆ.