ಹಳೆಯ ತೈಲಕ್ಷೇತ್ರದಲ್ಲಿ ಬಾವಿಗಳ ಅಂತರ ಕಡಿಮೆ ಮಾಡಿದರೆ ಇಳುವರಿ ಹೆಚ್ಚುವುದೇ?

ಪ್ರಶ್ನೆ: ನಮ್ಮದು ಬಹುಕಾಲದಿಂದ ನೀರು ಒತ್ತಿ ಎಣ್ಣೆ ತೆಗೆಯುತ್ತಿರುವ ಸುಣ್ಣಕಲ್ಲಿನ ಕ್ಷೇತ್ರ. ಈಗ 40 ಎಕರೆಗೆ ಒಂದು ಬಾವಿಯಿದ್ದು, 20 ಎಕರೆಗೆ ಒಂದರಂತೆ ಕೊರೆಯುವ ಪ್ರಸ್ತಾವವಿದೆ. ಇದರಿಂದ ಹೊಸ ಎಣ್ಣೆ ಸಿಗುತ್ತದೆಯೇ, ಅಥವಾ ಇರುವ ಎಣ್ಣೆಯೇ ಬೇಗ ಬರುತ್ತದೆಯೇ? ಅನುಭವವುಳ್ಳವರು ತಿಳಿಸಬೇಕಾಗಿ ಕೋರಿಕೆ.

ಉತ್ತರ 1: ಈ ವಾದಕ್ಕೆ ನೂರು ವರ್ಷಗಳ ಇತಿಹಾಸವಿದೆ. ಬಾವಿಗಳು ದೂರವಾದಷ್ಟೂ ಎಕರೆವಾರು ಇಳುವರಿ ಕುಗ್ಗುತ್ತದೆ ಎಂದು ಅಮೆರಿಕದ ಕಟ್ಲರ್ 1924ರಲ್ಲಿ ಹೇಳಿದರೆ, 103 ನಿಕ್ಷೇಪಗಳನ್ನು ಪರಿಶೀಲಿಸಿದ ಕ್ರೇಜ್ ಮತ್ತು ಬಕ್ಲಿ 1945ರಲ್ಲಿ ಅಂತಹ ಸಂಬಂಧ ಕಾಣುವುದಿಲ್ಲ ಎಂದರು. ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಶಿಲಾಪದರದ ನಿರಂತರತೆ. ಪದರ ಅಖಂಡವಾಗಿದ್ದರೆ ದೂರದ ಬಾವಿಯೂ ಕಾಲಕ್ರಮದಲ್ಲಿ ಅದೇ ಎಣ್ಣೆಯನ್ನು ಸೆಳೆಯುತ್ತದೆ. ಆದರೆ ಸುಣ್ಣಕಲ್ಲಿನಲ್ಲಿ ಎಷ್ಟೋ ಪದರಗಳು ನಡುವೆಯೇ ಕೊನೆಗೊಳ್ಳುತ್ತವೆ. 40 ಎಕರೆಯಲ್ಲಿ ಬಾವಿಯಿಂದ ಬಾವಿಗೆ ಸುಮಾರು 400 ಮೀಟರ್, 20 ಎಕರೆಯಲ್ಲಿ ಸುಮಾರು 285 ಮೀಟರ್ ಇರುವುದರಿಂದ, 300 ಮೀಟರ್‌ನಷ್ಟೇ ಹರಡಿದ ಪದರಕ್ಕೆ ಈಗ ಒಂದು ಕಡೆಯಿಂದ ನೀರು ನುಗ್ಗಿದರೂ ಎಣ್ಣೆ ಹೊರಬರಲು ಇನ್ನೊಂದು ಕಡೆ ಬಾವಿಯೇ ಇರುವುದಿಲ್ಲ. ಪಶ್ಚಿಮ ಟೆಕ್ಸಸ್‌ನ ಫುಲರ್ಟನ್, ಮೀನ್ಸ್ ಮುಂತಾದ ಕ್ಷೇತ್ರಗಳಲ್ಲಿ ನಡುವೆ ಕೊರೆದ ಬಾವಿಗಳು ಹೆಚ್ಚುವರಿ ಎಣ್ಣೆ ಕೊಟ್ಟದ್ದು ಮುಖ್ಯವಾಗಿ ಈ ಕಾರಣಕ್ಕೆ.

ಆದ್ದರಿಂದ ಮೊದಲ ಕೆಲವು ಬಾವಿಗಳನ್ನು ಕೊರೆದ ಕೂಡಲೇ, ಕೇಸಿಂಗ್ (ಬಾವಿಯ ಗೋಡೆಗೆ ಆಸರೆಯಾಗುವ ಉಕ್ಕಿನ ಕೊಳವೆ) ಇಳಿಸುವ ಮುನ್ನ, ಪದರವಾರು ಒತ್ತಡ ಅಳೆಯಿರಿ. ಪಕ್ಕದ ಬಾವಿಗಳಷ್ಟೇ ಒತ್ತಡ ಕುಸಿದಿದ್ದರೆ ಆ ಪದರ ಅವುಗಳೊಂದಿಗೆ ಕೂಡಿಕೊಂಡಿದೆ ಎಂದು ತಿಳಿಯಬೇಕು. ಮೂಲ ಒತ್ತಡಕ್ಕೆ ಹತ್ತಿರವಿದ್ದು, ಬಾವಿಯೊಳಗೆ ಉಪಕರಣ ಇಳಿಸಿ ಪಡೆದ ಪದರಗಳ ದಾಖಲೆಯಾದ ಲಾಗ್‌ನಲ್ಲೂ ಎಣ್ಣೆ ಕಂಡರೆ, ಅದು ಯಾರೂ ಮುಟ್ಟದ ಭಾಗ. ಒತ್ತಡ ಮೂಲಕ್ಕಿಂತ ಹೆಚ್ಚಿದ್ದರೆ ಒತ್ತಿದ ನೀರು ಅಲ್ಲಿ ಸಿಕ್ಕಿಬಿದ್ದಿರಬಹುದು.

ಉತ್ತರ 2: ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಹೊಸ ಬಾವಿಯ ಉತ್ಪಾದನೆಯನ್ನೇ ಲಾಭವೆಂದು ಬರೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದೇ ಅವಧಿಯಲ್ಲಿ ಸುತ್ತಲಿನ ಹಳೆಯ ಬಾವಿಗಳ ಉತ್ಪಾದನೆಯ ಇಳಿಕೆ ಚುರುಕಾಗಿದ್ದರೆ ಆ ಪಾಲನ್ನು ಕಳೆಯಲೇಬೇಕು. ಇದಕ್ಕಾಗಿ ಕೊರೆಯುವ ಮುನ್ನವೇ ಹಳೆಯ ಬಾವಿಗಳ ಇಳಿಕೆಯ ರೇಖೆಯನ್ನು ಮುಂದಕ್ಕೆ ಎಳೆದು ಇಟ್ಟುಕೊಳ್ಳಿ, ಆ ಭಾಗದಲ್ಲಿ ಅದೇ ಸಮಯಕ್ಕೆ ಪಂಪ್ ಬದಲಿಸುವುದು, ಹಳೆಯ ಬಾವಿಯನ್ನು ನೀರೊತ್ತುವ ಬಾವಿಯಾಗಿ ಪರಿವರ್ತಿಸುವುದು ಇವನ್ನು ಸಾಧ್ಯವಾದಷ್ಟು ಮುಂದೂಡಿ. ಇಲ್ಲದಿದ್ದರೆ ಹೆಚ್ಚಿದ ಎಣ್ಣೆ ಯಾವ ಕೆಲಸದ ಫಲವೆಂದು ಬೇರ್ಪಡಿಸಲಾಗದು.