ಓಪನ್ ಬುಕ್ ಅಂತ ನಂಬಿ ಫೇಲಾದೆ, ಮತ್ತೆ ಬರೀಲಾ?

(ಅಮೆರಿಕದ ಗುಣಮಟ್ಟ ಸಂಸ್ಥೆ ಎಎಸ್‌ಕ್ಯೂ ನಡೆಸುವ, ಪುಸ್ತಕ ನೋಡಿ ಬರೆಯಬಹುದಾದ ಸಿಕ್ಯೂಇ ಅಂದ್ರೆ ಸರ್ಟಿಫೈಡ್ ಕ್ವಾಲಿಟಿ ಎಂಜಿನಿಯರ್ ಪರೀಕ್ಷೆಯಲ್ಲಿ ಫೇಲಾಗಿ, ಸ್ಟ್ಯಾಟಿಸ್ಟಿಕ್ಸ್ ಅಂದ್ರೆ ಕೈಕಾಲು ನಡುಗುತ್ತೆ ಅಂತ ಬರೆದಿದ್ದ ಓದುಗರಿಗೆ ಬಂದ ಉತ್ತರಗಳು)

ಮೇಡಂ, ಖಂಡಿತ ಬರೀರಿ. ನಂದೂ ಇದೇ ಕಥೆ, ಪುಸ್ತಕ ಒಳಗೆ ಬಿಡ್ತಾರಲ್ಲ ಅಂತ ದಪ್ಪ ದಪ್ಪ ನಾಲ್ಕು ಪುಸ್ತಕ ಹೊತ್ಕೊಂಡು ಹೋಗಿ, ಪ್ರತಿ ಪ್ರಶ್ನೆಗೂ ಪುಟ ತಿರುವ್ತಾ ಕೂತು, ಟೈಮ್ ಮುಗಿದಾಗ ಕೊನೇ ಮೂವತ್ತು ಪ್ರಶ್ನೆ ಕಣ್ಣಲ್ಲೂ ನೋಡಿರ್ಲಿಲ್ಲ. 175 ಪ್ರಶ್ನೆಗೆ 5 ಗಂಟೆ 18 ನಿಮಿಷ, ಲೆಕ್ಕ ಹಾಕಿ, ಒಂದಕ್ಕೆ ಎರಡು ನಿಮಿಷಾನೂ ಸಿಗಲ್ಲ. ಎರಡನೇ ಸಲ ಒಂದೇ ಹ್ಯಾಂಡ್‌ಬುಕ್ ಇಟ್ಕೊಂಡೆ. ಸ್ಟ್ಯಾಟಿಸ್ಟಿಕ್ಸ್ ಲೆಕ್ಕಕ್ಕೆ ಬೇಕಾಗೋ ಝಡ್, ಟಿ, ಎಫ್ ಟೇಬಲ್, ಕಂಟ್ರೋಲ್ ಚಾರ್ಟ್ (ಉತ್ಪಾದನೆ ಹಿಡಿತದಲ್ಲಿದೆಯಾ ಅಂತ ನೋಡೋ ಗ್ರಾಫ್) ಕಾನ್‌ಸ್ಟೆಂಟ್‌ಗಳು ಎಲ್ಲೆಲ್ಲಿವೆ ಅಂತ ಕೈಗೇ ಗೊತ್ತಾಗೋವರೆಗೂ ದಿನಾ ಅದೇ ಪುಸ್ತಕದಿಂದ ಲೆಕ್ಕ ಮಾಡ್ದೆ, ಪಾಸಾದೆ. ಇನ್ನೊಂದು, ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಟ್ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡ್ಬೇಡಿ.

*

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ನಾನು ಹೇಳ್ತೀನಿ, ಹೊಸಬರಿಗೆ ಹೇಳಿಕೊಟ್ಟು ಅಭ್ಯಾಸ ಇದೆ. ನೀವು ಸೂತ್ರ ಬಾಯಿಪಾಠ ಮಾಡ್ತಿದೀರ ಅನ್ಸುತ್ತೆ, ಅದನ್ನ ನಿಲ್ಲಿಸಿ. ಒಂದು ಶಾಫ್ಟ್ ತಗೊಳ್ಳಿ, ಸ್ಪೆಕ್ ಅಂದ್ರೆ ಇರಬೇಕಾದ ಅಳತೆ 10 ಪ್ಲಸ್ ಮೈನಸ್ 0.3 ಮಿ.ಮೀ., ಸರಾಸರಿ 10.1, ಸಿಗ್ಮಾ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು) 0.05. ಟಾಲರೆನ್ಸ್, ಅಂದ್ರೆ ಎರಡು ಲಿಮಿಟ್‌ಗಳ ನಡುವಿನ ಅಂತರ 0.6 ಅನ್ನ ಆರು ಸಿಗ್ಮಾ ಅಂದ್ರೆ 0.3 ಇಂದ ಭಾಗಿಸಿದ್ರೆ ಸಿಪಿ (ಮಷಿನ್ ತಾಕತ್ತಿನ ಅಳತೆ) 2 ಬಂತು. ಆದ್ರೆ ಸರಾಸರಿ ಮೇಲಕ್ಕೆ ಸರಿದಿದೆ, ಮೇಲಿನ ಲಿಮಿಟ್‌ಗೆ ಉಳಿದಿರೋದು ಬರೀ 0.2, ಅದನ್ನ ಮೂರು ಸಿಗ್ಮಾ 0.15 ಇಂದ ಭಾಗಿಸಿ, ಸರಾಸರಿ ಸರಿದಿದ್ದನ್ನೂ ಲೆಕ್ಕಕ್ಕೆ ತಗೊಳ್ಳೋ ಸಿಪಿಕೆ 1.33. ಮಷಿನ್‌ಗೆ ತಾಕತ್ತಿದೆ, ಸೆಟ್ಟಿಂಗ್ ಸರಿ ಇಲ್ಲ ಅಂತ ಅಂಕಿಗಳೇ ಹೇಳ್ತಿವೆ. ಈ ಥರ ಒಂದು ಸಲ ಅರ್ಥ ಆದ್ರೆ ಸೂತ್ರ ಮರೆತೇ ಹೋಗಲ್ಲ. ಹೈಪಾಥಿಸಿಸ್ ಟೆಸ್ಟಲ್ಲೂ (ಸ್ಯಾಂಪಲ್ ನೋಡಿ ಒಂದು ಊಹೆ ನಿಲ್ಲುತ್ತಾ ಅಂತ ಪರೀಕ್ಷಿಸೋದು) ಅಷ್ಟೇ, ಲೆಕ್ಕಕ್ಕಿಂತ ಯಾವ ಟೆಸ್ಟ್ ಅಂತ ಆರಿಸೋದ್ರಲ್ಲೇ ಜನ ಎಡವೋದು: ಒಂದು ಸರಾಸರಿ ಪರೀಕ್ಷೆ ಮಾಡ್ಬೇಕು, ಪಾಪ್ಯುಲೇಶನ್ ಅಂದ್ರೆ ಇಡೀ ಗುಂಪಿನ ಸಿಗ್ಮಾ ಗೊತ್ತಿದ್ರೆ ಝಡ್, ಗೊತ್ತಿಲ್ದೆ ಸ್ಯಾಂಪಲ್ ಚಿಕ್ಕದಿದ್ರೆ ಟಿ, ಎರಡು ವೇರಿಯನ್ಸ್ (ಸಿಗ್ಮಾದ ವರ್ಗ) ಹೋಲಿಸೋಕೆ ಎಫ್. ಲೆಕ್ಕ ಬಿಡಿಸದೇನೇ ದಿನಾ ಹತ್ತು ಪ್ರಶ್ನೆ ಓದಿ ಟೆಸ್ಟ್ ಹೆಸರು ಮಾತ್ರ ಬರೀರಿ, ಎರಡು ವಾರದಲ್ಲಿ ಭಯ ಇಳಿಯುತ್ತೆ.

*

ಮೇಲಿನವರು ಹೇಳಿದ್ದು ಸರಿ, ಆದ್ರೆ ಅದಕ್ಕೂ ಮೊದ್ಲು ನಿಮ್ಮ ರಿಸಲ್ಟ್ ರಿಪೋರ್ಟ್ ತೆಗೆದು ನೋಡಿ. ಫೇಲಾದವರಿಗೆ ಯಾವ ವಿಭಾಗದಲ್ಲಿ ಹೇಗೆ ಮಾಡಿದೀರ ಅಂತ ಕೊಡ್ತಾರೆ. ನನಗೂ ಸ್ಟ್ಯಾಟಿಸ್ಟಿಕ್ಸೇ ಕೈಕೊಟ್ಟಿದೆ ಅಂತ ಅಂದ್ಕೊಂಡಿದ್ದೆ, ನೋಡಿದ್ರೆ ಹೋಗಿದ್ದು ಕ್ವಾಲಿಟಿ ಸಿಸ್ಟಮ್‌ನಲ್ಲಿ, ದಿನಾ ಆಡಿಟ್ ಮಾಡೋಳಿಗೆ ಅದನ್ನೇನು ಓದೋದು ಅಂತ ಬಿಟ್ಟಿದ್ದೆ! ನಮ್ಮ ಫ್ಯಾಕ್ಟರಿ ಪದ್ಧತಿ ಬೇರೆ, ಪರೀಕ್ಷೆ ಕೇಳೋದು ಬೇರೆ.

*

ಅಕ್ಕಾ, ಪ್ರಶ್ನೆ ಸಂಗ್ರಹದ ಪುಸ್ತಕ ಒಳಗೆ ಬಿಡಲ್ಲ, ಅದನ್ನ ಮನೇಲೇ ಮುಗಿಸಿ. ಪ್ರೋಗ್ರಾಂ ಮಾಡೋ ಕ್ಯಾಲ್ಕುಲೇಟರ್‌ಗೂ ಅವಕಾಶ ಇಲ್ಲ, ಸಾದಾ ಒಂದು ತಗೊಂಡು ಇವತ್ತಿಂದಲೇ ಅದ್ರಲ್ಲೇ ಲೆಕ್ಕ ಮಾಡಿ. ರಜಾ ದಿನ ಒಂದಾದ್ರೂ ಐದು ಗಂಟೆ ಏಳದೇ ಕೂತು ಪೂರ್ತಿ ಪೇಪರ್ ಬರೆದು ನೋಡಿ. ನನಗೆ ಮೂರನೇ ಗಂಟೆ ಆದ್ಮೇಲೆ ಸುಲಭದ್ದೇ ತಪ್ಪಾಗ್ತಿತ್ತು, ಅದು ಮನೇಲೇ ಗೊತ್ತಾಗಿದ್ದು ಒಳ್ಳೇದಾಯ್ತು.