ಶಂಟ್ ಜನರೇಟರ್ ವೋಲ್ಟೇಜ್ ಏಳವಲ್ದು, ಲ್ಯಾಬಿನ್ಯಾಗ ಏನ್ ಚೆಕ್ ಮಾಡ್ಲಿ?

ಟಿಳಕವಾಡಿ_ಇಇಇ
ನಮಸ್ಕಾರ್ರಿ ಎಲ್ಲಾರ್ಗೂ. ಬೆಳಗಾವಿಯೊಳಗ ಇಇಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್) ಓದಾಕತ್ತೀನಿ, ಈ ವಾರ ಮಷೀನ್ಸ್ ಲ್ಯಾಬಿನ್ಯಾಗ ಡಿಸಿ ಶಂಟ್ ಜನರೇಟರಿಂದು (ತನ್ನ ವೋಲ್ಟೇಜಿನಿಂದನ ತನ್ನ ಫೀಲ್ಡ್, ಅಂದ್ರ ಅಯಸ್ಕಾಂತ ಮಾಡೋ ಕಾಯಿಲ್, ನಡಸಗೊಳ್ಳೋದು) ಓಸಿಸಿ, ಅಂದ್ರ ಲೋಡಿಲ್ದ ಫೀಲ್ಡ್ ಕರೆಂಟಿಗೆ ಎಷ್ಟು ವೋಲ್ಟೇಜ್ ಅನ್ನೋ ಗ್ರಾಫ್, ತಗೀಬೇಕಿತ್ತು. ಜನರೇಟರ್ ತಿರಗಸೋ ಮೋಟರ್ 1500 ಆರ್‌ಪಿಎಂಗೆ ತಂದೆ, ಟ್ಯಾಕೋಮೀಟರ್ ಹಚ್ಚಿ ನೋಡಿದ್ರ ಬರೋಬ್ಬರಿ ಐತಿ, ಆದ್ರ 220 ವೋಲ್ಟ್ ಕೊಡಬೇಕಾದ ಜನರೇಟರ್ 8 ವೋಲ್ಟ್ ಮ್ಯಾಲೆ ಏಳವಲ್ದು, ಫೀಲ್ಡ್ ರಿಯೋಸ್ಟ್ಯಾಟ್ (ಕಡಿಮಿ-ಜಾಸ್ತಿ ಮಾಡೋ ರೆಸಿಸ್ಟನ್ಸ್) ಪೂರಾ ತಗದ್ರೂ ಅಷ್ಟ. 300ರ ಮೀಟರಿನ್ಯಾಗ ಮುಳ್ಳು ಅಳಗಾಡಿದ್ದೂ ತಿಳಿಯಂಗಿಲ್ಲ. ಗೆಳತ್ಯಾರು ಮಷೀನ್ ಕೆಟ್ಟೈತಿ ಅಂತಾರ, ನನಗ ಹಂಗ ಅನಸವಲ್ದು. ಗುರುವಾರ ಮತ್ತ ಲ್ಯಾಬ್ ಐತಿ, ಹೇಳ್ರಿ.

ಗೋಕಾಕ_ವೈಂಡಿಂಗ್
ಫೀಲ್ಡಿಗೆ 12 ವೋಲ್ಟ್ ಬ್ಯಾಟರಿ ಹಚ್ಚಿ ಫ್ಲ್ಯಾಶ್ ಮಾಡ್ರಿ, ಅಂದ್ರ ಒಂಚೂರು ಕರೆಂಟ್ ಹರಿಸಿ ಕಬ್ಬಿಣಕ್ಕ ಮತ್ತ ಅಯಸ್ಕಾಂತ ಗುಣ ಕೊಡ್ರಿ, ಎದ್ದು ಬರತೈತಿ.

ಬಾಗಲಕೋಟಿ_ಲ್ಯಾಬ್_ಮಾಸ್ತರ
ಅಣ್ಣಾರ, ಬ್ಯಾಟರಿ ಆಮ್ಯಾಲೆ. 8 ವೋಲ್ಟ್ ಬರಾಕತ್ತೈತಿ ಅಂದ್ರ ರೆಸಿಡ್ಯುಯಲ್ ಮ್ಯಾಗ್ನೆಟಿಸಂ (ಕಬ್ಬಿಣದಾಗ ಉಳಕೊಂಡ ಅಯಸ್ಕಾಂತ ಗುಣ) ಇನ್ನೂ ಐತಿ. ತಂಗಿ, 30 ವೋಲ್ಟಿನ ಮೀಟರ್ ಹಾಕು, ಫೀಲ್ಡ್ ರಿಯೋಸ್ಟ್ಯಾಟ್ ಪೂರ್ತಿ ಇಟ್ಟು, ಸ್ವಿಚ್ ಮ್ಯಾಲೆ ಕೈ ಇಟಗೊಂಡ ಫೀಲ್ಡ್ ಆನ್ ಮಾಡು. ಮುಳ್ಳು 8ರಿಂದ ಕೆಳಗ ಇಳೀತಂದ್ರ ಫೀಲ್ಡ್ ಕರೆಂಟ್ ಇದ್ದ ಫ್ಲಕ್ಸನ್ನ (ಅಯಸ್ಕಾಂತ ಬಲಾನ) ಕೊಲ್ಲಾಕತ್ತೈತಿ, ಅಂದ್ರ ಫೀಲ್ಡಿನ ಎರಡು ವಾಯರ್ ಅದಲುಬದಲು ಆಗ್ಯಾವು ಇಲ್ಲಾ ಮಷೀನ್ ಉಲ್ಟಾ ತಿರಗಾಕತ್ತೈತಿ. ಒಂಚೂರು ಏರಿ ನಿಂತ್ರ ಫೀಲ್ಡ್ ಸರ್ಕ್ಯೂಟಿನ ರೆಸಿಸ್ಟನ್ಸ್ ಕ್ರಿಟಿಕಲ್‌ಗಿಂತ (ವೋಲ್ಟೇಜ್ ಏಳಾಕ ಇರೋ ಮಿತಿಗಿಂತ) ಜಾಸ್ತಿ ಐತಿ, ರಿಯೋಸ್ಟ್ಯಾಟ್ ಕಡಿಮಿ ಮಾಡಬೇಕು, ಅದಕ್ಕ ಮೊದಲ 30ರ ಮೀಟರ್ ತಗೀ, ಇಲ್ಲಂದ್ರ ಮೀಟರ್ ಸುಡತೈತಿ. ಏನೂ ಬದಲಾಗಲಿಲ್ಲಂದ್ರ ಫೀಲ್ಡ್ ಎಲ್ಲೋ ಓಪನ್ ಐತಿ. ಮುಳ್ಳು ಸೊನ್ನೀಗೆ ನಿಂತಿದ್ರ ಮಾತ್ರ ಬ್ಯಾಟರಿ, ಅದೂ ಮೋಟರ್ ನಿಲ್ಲಿಸಿ, ಫೀಲ್ಡ್ ಬಿಚ್ಚಿ. ಬ್ಯಾಟರಿ ತಗಿಯೋವಾಗ ತುದಿ ಮುಟ್ಟಬ್ಯಾಡ್ರಿ, ಕಾಯಿಲ್ ಒದೀತೈತಿ.
ಮತ್ತ ಮೋಟರ್ ಕಡೀ ಇದರ ಉಲ್ಟಾ, ಸ್ಟಾರ್ಟಿಗೆ ಅದರ ಫೀಲ್ಡ್ ರಿಯೋಸ್ಟ್ಯಾಟ್ ಮಿನಿಮಮ್ ಇರಬೇಕು. ಲೋಡಿಲ್ದ ಓಡೋ ಮೋಟರಿನ ಫೀಲ್ಡ್ ಕಡದ್ರ ಫ್ಲಕ್ಸ್ ಹೋಗಿ ಬ್ಯಾಕ್ ಇಎಂಎಫ್ (ಸಪ್ಲೈಗೆ ಎದುರಾಗಿ ಮೋಟರಿನೊಳಗ ಹುಟ್ಟೋ ವೋಲ್ಟೇಜ್) ಬಿದ್ದು ಸ್ಪೀಡ್ ಕೈಗೆ ಸಿಗದಂಗ ಓಡತೈತಿ, ಅದನ್ನ ನಾ ಕಣ್ಣಾರೆ ಕಂಡೀನಿ, ಅದಕ್ಕ ಇಷ್ಟು ಹೇಳಾಕತ್ತೀನಿ.

ಗೋಕಾಕ_ವೈಂಡಿಂಗ್
ಮಾಸ್ತರ ಹೇಳಿದ್ದ ಖರೆ, ನಾ 8 ವೋಲ್ಟ್ ಅನ್ನೋದ ಸರಿಯಾಗಿ ಓದಲಿಲ್ಲ.

ಟಿಳಕವಾಡಿ_ಇಇಇ
ಸರ್, ಗುರುವಾರ ಮಾಡಿದೆ! ಫೀಲ್ಡ್ ಆನ್ ಮಾಡಿದ ಕೂಡ್ಲೆ 8 ಇದ್ದದ್ದು 3ಕ್ಕ ಬಿತ್ತು. ಹಿಂದಿನ ಬ್ಯಾಚಿನವ್ರು ಮೋಟರಿನ ತಿರಗೋ ದಿಕ್ಕು ಬದಲಿಸೋ ಪ್ರಯೋಗ ಮಾಡಿ ಹಂಗ ಬಿಟ್ಟಿದ್ರು. ಸರಿ ಮಾಡಿದ್ಮ್ಯಾಲೆ 220 ದಾಟ್ತು. ಓಸಿಸಿಗೆ ಟ್ಯಾಂಜೆಂಟ್ ಎಳದು ಕ್ರಿಟಿಕಲ್ ರೆಸಿಸ್ಟನ್ಸ್ ತಗದೆ. ಒಂದು ಡೌಟ್, ನಡುವ ಫೀಲ್ಡ್ ಕರೆಂಟ್ ಜಾಸ್ತಿ ಆತು ಅಂತ ಹಿಂದಕ್ಕ ತಂದೆ, ಆ ರೀಡಿಂಗ್ ಗ್ರಾಫಿಗಿಂತ ಮ್ಯಾಲೆ ಯಾಕ ಬಂತ್ರಿ?

ಬಾಗಲಕೋಟಿ_ಲ್ಯಾಬ್_ಮಾಸ್ತರ
ಹಿಸ್ಟೆರಿಸಿಸ್ ತಂಗಿ. ಕಬ್ಬಿಣಕ್ಕ ಮೊದಲಿಂದು ನೆನಪಿರತೈತಿ, ಅದಕ್ಕ ಇಳಿಯೋವಾಗ ವೋಲ್ಟೇಜ್ ಜಾಸ್ತಿ ತೋರಸತೈತಿ. ಏರಿಸ್ಕೋತ ಒಂದ ದಿಕ್ಕಿನ್ಯಾಗ ಹೋಗು, ಆ ರೀಡಿಂಗ್ ತಗದ ಹಾಕು.